ಬರ ಪರಿಹಾರ ಕೇಳಲು ಜೆಟ್ ಬೇಕಿತ್ತಾ?

ಮಂಡ್ಯದ ಮಾದ:
2023ರ ಡಿಸೆಂಬರ್‌ನ ಆ ವಿಡಿಯೋ ಮೊನ್ನೆ ಮತ್ತೆ ವಾಟ್ಸ್ಆ್ಯಪ್‌ನಲ್ಲಿ ಬಂತು. ರಾಜ್ಯದಲ್ಲಿ ಬರ. ಪರಿಹಾರ ಕೇಳಲು ಮುಖ್ಯಮಂತ್ರಿ ದೆಹಲಿಗೆ ಹೋಗಿದ್ದರು. ವಾಪಸ್ ಬರುವಾಗ ಖಾಸಗಿ ಜೆಟ್‌ನಲ್ಲಿ ಕೂತಿದ್ದ ವಿಡಿಯೋವನ್ನು ಸಚಿವ ಜಮೀರ್ ಅವರೇ ಹಾಕಿಕೊಂಡಿದ್ದರು. ವಿರೋಧ ಪಕ್ಷ ಮುಗಿಬಿತ್ತು. ಮೋದಿ ಯಾವುದರಲ್ಲಿ ಓಡಾಡುತ್ತಾರೆ ಅಂತ ಸಿದ್ದರಾಮಯ್ಯ ತಿರುಗಿ ಕೇಳಿದರು. ನನಗೆ ಆ ಪಕ್ಷ ಈ ಪಕ್ಷ ಬೇಡ. ಬೆಂಗಳೂರು-ದೆಹಲಿ ನಡುವೆ ದಿನವಿಡೀ ವಿಮಾನ ಇದೆ. ಟಿಕೆಟ್ ತಗೊಂಡು ಹೋಗಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಡೆಟ್ರಾಯ್ಟ್ ಸುಬ್ಬು:
ನಮ್ಮೂರಲ್ಲೂ ಇದೇ ಕಥೆ ಆಗಿದೆ. 2008ರ ನವೆಂಬರ್. ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಮೂರೂ ಕಾರು ಕಂಪನಿಗಳ ಮುಖ್ಯಸ್ಥರು 2,500 ಕೋಟಿ ಡಾಲರ್ ನೆರವು ಕೇಳಲು ವಾಷಿಂಗ್ಟನ್‌ಗೆ ಹೋದರು. ಮೂವರೂ ಬೇರೆ ಬೇರೆ ಜೆಟ್‌ನಲ್ಲಿ! ಟಿಕೆಟ್ ವಿಮಾನದಲ್ಲಿ ಬಂದವರು ಕೈ ಎತ್ತಿ ಅಂದ ಒಬ್ಬ ಸಂಸದ. ಒಂದು ಕೈಯೂ ಏಳಲಿಲ್ಲ. ಮುಂದಿನ ತಿಂಗಳು ಅದೇ ಮೂವರು ಹೈಬ್ರಿಡ್ ಕಾರಿನಲ್ಲಿ 800 ಕಿ.ಮೀ. ದಾಟಿ ಬಂದರು. ಅದೂ ನಾಟಕವೇ ಅನ್ನಿ.

ಹಳೇ ಏರ್‌ಪೋರ್ಟ್ ಹನುಮಂತು:
ನಾನು ಎಚ್‌ಎಎಲ್ ಏರ್‌ಪೋರ್ಟ್‌ನಲ್ಲಿ ಚಾರ್ಟರ್ ಅಂದರೆ ಬಾಡಿಗೆ ವಿಮಾನಗಳ ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ನೆಲದ ಮೇಲಿನ ಕೆಲಸ ಮಾಡಿದವನು. 2008ರ ಮೇನಲ್ಲಿ ಟಿಕೆಟ್ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಜೆಟ್‌ನವರು ಹಳೇ ಜಾಗದಲ್ಲೇ ಉಳಿದರು. ಕಾರಣ ಸುಲಭ: ಎಂ.ಜಿ. ರೋಡ್ ಹತ್ತಿರ.

ಮಾದಣ್ಣ, ದೆಹಲಿಗೆ ಹೋಗಿ ಬರುವುದಕ್ಕೆ ಜೆಟ್ ದುಂದು, ಒಪ್ಪಿದೆ. ಆದರೆ ಬೆಳಿಗ್ಗೆ ಕಲಬುರಗಿ, ಮಧ್ಯಾಹ್ನ ಹುಬ್ಬಳ್ಳಿ, ಸಂಜೆ ಮಂಗಳೂರು ಅಂದರೆ ಯಾವ ಟಿಕೆಟ್ ವಿಮಾನ ಸಿಗುತ್ತದೆ? ಕಂಪನಿಗಳು ಜೆಟ್ ಹಿಡಿಯುವುದು ಹೆಚ್ಚಾಗಿ ಇಂಥದ್ದಕ್ಕೇ. ಐದಾರು ಎಂಜಿನಿಯರ್‌ಗಳನ್ನು ಕೂರಿಸಿಕೊಂಡು ಎರಡು ಫ್ಯಾಕ್ಟರಿ ನೋಡಿ ರಾತ್ರಿ ಮನೆ ಸೇರುತ್ತಾರೆ. ಇನ್ನು ಗಲ್ಫ್‌ಸ್ಟ್ರೀಮ್ ಜಿ650ರಂಥ ದೊಡ್ಡವು ಸುಮಾರು 13,000 ಕಿ.ಮೀ. ಎಲ್ಲೂ ಇಳಿಯದೆ ಹೋಗುತ್ತವೆ. ಅಂಥದ್ದನ್ನು ಹುಬ್ಬಳ್ಳಿಗೆ ಒಯ್ಯುವುದು ಸಂತೆಗೆ ಲಾರಿ ತಗೊಂಡು ಹೋಗಿ ಕೊತ್ತಂಬರಿ ಕಟ್ಟು ತಂದ ಹಾಗೆ.

ಬಾಡಿಗೆಯ ಗುಟ್ಟು ಹೇಳುತ್ತೇನೆ. ಮದುವೆಗೆ ಬಸ್ ಹಿಡಿದರೆ ಶೆಡ್‌ನಿಂದ ಬರುವ ಕಿ.ಮೀ. ಕೂಡ ನಿಮ್ಮ ತಲೆಗೇ ತಾನೆ? ಇಲ್ಲೂ ಹಾಗೇ. ವಿಮಾನ ದೆಹಲಿಯದೋ ಮುಂಬೈಯದೋ ಆಗಿರುತ್ತದೆ. ಖಾಲಿ ಬರುತ್ತದೆ, ನಿಮ್ಮನ್ನು ಬಿಟ್ಟು ಖಾಲಿ ಹೋಗುತ್ತದೆ. ಅದಕ್ಕೆ ನಾವು ಫೆರಿ ಅನ್ನುತ್ತೇವೆ. ಕಾಯುವ ದುಡ್ಡು, ರಾತ್ರಿ ನಿಲ್ಲಿಸಿದರೆ ಪಾರ್ಕಿಂಗ್, ಪೈಲಟ್‌ಗಳ ಹೋಟೆಲ್ ಎಲ್ಲ ಬೇರೆ. ಎರಡು ಗಂಟೆ ಹಾರಿದವರಿಗೆ ಆರು ಗಂಟೆ ಬಿಲ್ ಬಂದಿದ್ದನ್ನು ನೋಡಿದ್ದೇನೆ.

ಮಂಡ್ಯದ ಮಾದ:
ಹಾಗಾದರೆ ಸರ್ಕಾರವೇ ಒಂದು ಕೊಂಡುಕೊಳ್ಳಲಿ ಅಂತೀರಾ? ಗುಜರಾತ್ 2019ರಲ್ಲಿ 191 ಕೋಟಿ ಕೊಟ್ಟು ಚಾಲೆಂಜರ್ 650 ಜೆಟ್ ತಗೊಂಡಿತಲ್ಲ.

ಹಳೇ ಏರ್‌ಪೋರ್ಟ್ ಹನುಮಂತು:
ನಾನೆಲ್ಲಿ ಹಾಗಂದೆ? ಹ್ಯಾಂಗರ್, ವಿಮೆ, ಪೈಲಟ್ ಸಂಬಳ, ಅವರ ಸಿಮ್ಯುಲೇಟರ್ ತರಬೇತಿ, ವಿಮಾನ ಹಾರಿದರೂ ಬಿಟ್ಟರೂ ಇವು ತಪ್ಪಲ್ಲ. ವರ್ಷಕ್ಕೆ ಕೆಲವು ನೂರು ಗಂಟೆ ಹಾರದಿದ್ದರೆ ಬಾಡಿಗೆಯೇ ವಾಸಿ.

ಲೆಕ್ಕದ ಲತಾ:
ಕೊಳ್ಳುವುದು ಬಿಡಿ, ಮಾರುವ ಕಷ್ಟ ನೋಡಿ. ಮಲ್ಯ ಅವರ ಏರ್‌ಬಸ್ ಎ319 ನೆನಪಿದೆಯಾ? ಏರ್‌ಲೈನ್‌ನವರು ನೂರಕ್ಕೂ ಜಾಸ್ತಿ ಸೀಟು ಹಾಕುವ ವಿಮಾನ ಅದು. ಒಳಗೆ ಮಲಗುವ ಕೋಣೆ ಮಾಡಿಸಿದ್ದರು. ಸೇವಾ ತೆರಿಗೆ ಬಾಕಿಗೆ ಇಲಾಖೆ ಜಪ್ತಿ ಮಾಡಿತು. 2016ರ ಹರಾಜಿನಲ್ಲಿ ಇಲಾಖೆ ಇಟ್ಟ ಬೆಲೆ 152 ಕೋಟಿ, ಬಂದ ಬಿಡ್ 1.09 ಕೋಟಿ! ಕೊನೆಗೆ 2018ರಲ್ಲಿ 34.8 ಕೋಟಿಗೆ ಹೋಯಿತು. ಅಲ್ಲಿಯವರೆಗೂ ಮುಂಬೈನಲ್ಲಿ ಜಾಗ ತಿನ್ನುತ್ತಾ ನಿಂತಿತ್ತು.

ಮೆಕ್ಸಿಕೊದ್ದು ಇನ್ನೂ ತಮಾಷೆ. ಹಿಂದಿನ ಸರ್ಕಾರದ ಕಾಲದಲ್ಲಿ ಬಂದ ಬೋಯಿಂಗ್ 787 ವಿಮಾನ ನನಗೆ ಬೇಡ ಅಂತ ಅಲ್ಲಿನ ಅಧ್ಯಕ್ಷ ಲೋಪೆಸ್ ಒಬ್ರಡೋರ್ ಟಿಕೆಟ್ ವಿಮಾನದಲ್ಲೇ ಓಡಾಡಿದರು. ಅದರ ಹೆಸರಲ್ಲಿ 2020ರಲ್ಲಿ ಲಾಟರಿಯೂ ಆಯಿತು. ಗೆದ್ದವರಿಗೆ ಸಿಕ್ಕಿದ್ದು ದುಡ್ಡು, ವಿಮಾನ ಅಲ್ಲ. 2023ರಲ್ಲಿ ತಜಿಕಿಸ್ತಾನ ಸುಮಾರು 9.2 ಕೋಟಿ ಡಾಲರ್‌ಗೆ ತಗೊಂಡಿತು. ಮೂಲ ಬೆಲೆಯ ಅರ್ಧವೂ ಅಲ್ಲ.

ಸೊರಬದ ಹುಡುಗ:
ಮೋದಿ ಯಾವುದರಲ್ಲಿ ಓಡಾಡುತ್ತಾರೆ ಅಂತ ಸಿದ್ದರಾಮಯ್ಯ ಕೇಳಿದರಲ್ಲ, ಪ್ರಧಾನಿ ವಿಮಾನಕ್ಕೂ ಆ ಜೆಟ್‌ಗೂ ಹೋಲಿಕೆ ಸರಿಯಲ್ಲ. 2020ರಲ್ಲಿ ಬಂದ ಬೋಯಿಂಗ್ 777ಗಳಲ್ಲಿ ಕ್ಷಿಪಣಿ ತಡೆಯುವ ವ್ಯವಸ್ಥೆ ಇದೆ, ಹಾರಿಸುವವರು ವಾಯುಪಡೆಯವರು. ಮೊದಲು ಏರ್ ಇಂಡಿಯಾದ 747 ಅನ್ನು ಪ್ರಯಾಣಿಕರಿಂದ ಕಿತ್ತು ಕೊಡಬೇಕಿತ್ತು. ಆದರೆ 2024ರಲ್ಲಿ ಒಂದು ಮದುವೆ ಸಮಾರಂಭಕ್ಕೆ ಜಾಮ್‌ನಗರಕ್ಕೆ 10 ದಿನ ಅಂತರರಾಷ್ಟ್ರೀಯ ಏರ್‌ಪೋರ್ಟ್ ಪಟ್ಟ ಕೊಟ್ಟರಲ್ಲ, ಅದು ಯಾರ ಭದ್ರತೆಗೆ?

ಡೆಟ್ರಾಯ್ಟ್ ಸುಬ್ಬು:
ಹೊಗೆಯ ಲೆಕ್ಕ ಯಾರೂ ಎತ್ತಲಿಲ್ಲ. ತಲೆಗೆ ಇಷ್ಟು ಅಂತ ಹಂಚಿದರೆ ಜೆಟ್‌ನದ್ದು ಮಾಮೂಲಿ ವಿಮಾನಕ್ಕಿಂತ 5ರಿಂದ 14 ಪಟ್ಟು ಜಾಸ್ತಿ ಅಂತ ಯುರೋಪ್‌ನ ಪರಿಸರ ಸಂಘಟನೆಯೊಂದು 2021ರಲ್ಲೇ ಹೇಳಿತ್ತು. ಖಾಲಿ ಬಂದು ಹೋದರೆ ಹಂಚಲು ತಲೆಯೇ ಇಲ್ಲ.

ಮಂಡ್ಯದ ಮಾದ:
ಸರಿ, ನನ್ನ ಸಿಟ್ಟು ಈಗ ವಿಡಿಯೋ ಬಿಟ್ಟು ಬಿಲ್ ಕಡೆ ತಿರುಗಿದೆ. ಯಾವ ಪಕ್ಷದ ಸರ್ಕಾರವಾದರೂ ಆಗಲಿ, ಐದೈದು ವರ್ಷದ್ದು ಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡುತ್ತಾರಾ?

ಲೆಕ್ಕದ ಲತಾ:
ಕೇಳಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಮೊದಲ ಕಾಮೆಂಟ್ ಥರ ಬರೆದರೆ ವಾಪಸ್ ಬರುತ್ತದೆ!

ಹಳೇ ಏರ್‌ಪೋರ್ಟ್ ಹನುಮಂತು:
ಮೊತ್ತ ಮಾತ್ರ ಕೇಳಬೇಡಿ ಮಾದಣ್ಣ. ಹಾರಿದ ಗಂಟೆ ಎಷ್ಟು, ಫೆರಿ ಗಂಟೆ ಎಷ್ಟು ಅಂತ ಬೇರೆ ಬೇರೆ ಕೇಳಿ.