ಎಸ್‌ಎಫ್‌ಸಿ ಜೊತೆ ಎಫ್‌ಟಿಐಆರ್: ಮೆಥನಾಲ್ ಹಾಕಿದ ಮೇಲೆ ಏನೂ ಕಾಣ್ತಿಲ್ಲ

ಪ್ರಶ್ನೆ:
ನಮಸ್ಕಾರ. ಎಸ್‌ಎಫ್‌ಸಿ (ಒತ್ತಡದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹರಿಸಿ ಮಿಶ್ರಣ ಬೇರ್ಪಡಿಸುವ ಕ್ರಮ) ಕಾಲಮ್ಮಿನ ತುದಿಗೆ ಫ್ಲೋ ಸೆಲ್ (ಹರಿವು ಹಾದುಹೋಗುವ ಕಿಟಕಿಯ ಸಣ್ಣ ಕೋಣೆ) ಜೋಡಿಸಿ ಎಫ್‌ಟಿಐಆರ್‌ನಲ್ಲಿ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ತೆಗೆಯುವ ಉಪಕರಣ) ನೋಡುತ್ತಿದ್ದೇನೆ. ಪಾತ್ ಲೆಂತ್ (ಬೆಳಕು ಹಾಯುವ ದಾರಿ) 5 ಮಿ.ಮೀ., ಕಿಟಕಿ ಜಿಂಕ್ ಸೆಲೆನೈಡ್. ಸ್ಯಾಂಪಲ್ ಮೀಥೈಲ್ ಓಲಿಯೇಟ್ (ಸಿಸ್ ರೂಪ) ಮತ್ತು ಮೀಥೈಲ್ ಎಲೈಡೇಟ್ (ಟ್ರಾನ್ಸ್ ರೂಪ, ಜೋಡಿಬಂಧದ ಸುತ್ತಲಿನ ಜೋಡಣೆ ಮಾತ್ರ ಬೇರೆ). ಎರಡರ ಅಣುತೂಕವೂ 296, ಮಾಸ್ ಸ್ಪೆಕ್ಟ್ರಮ್ ನೋಡಿ ಯಾವುದು ಸಿಸ್, ಯಾವುದು ಟ್ರಾನ್ಸ್ ಅಂತ ಹೇಳುವುದು ಕಷ್ಟ, ಅದಕ್ಕೇ ಇನ್‌ಫ್ರಾರೆಡ್ ಕಡೆ ಬಂದೆ. ಪೀಕ್ (ಬೇರ್ಪಟ್ಟ ಒಂದೊಂದು ವಸ್ತು) ಬೇಗ ಹೊರಬರಲಿ ಅಂತ ಕಾರ್ಬನ್ ಡೈಆಕ್ಸೈಡ್‌ಗೆ ಶೇ. 5 ಮೆಥನಾಲ್ ಸೇರಿಸಿದೆ. ಆಗಿನಿಂದ ಬ್ಯಾಕ್‌ಗ್ರೌಂಡ್ (ಸ್ಯಾಂಪಲ್ ಇಲ್ಲದಾಗಿನ ಸ್ಪೆಕ್ಟ್ರಮ್) ಕಳೆದರೂ ಸ್ಪೆಕ್ಟ್ರಮ್ಮಿನ ಎಷ್ಟೋ ಕಡೆ ಬರೀ ನಾಯ್ಸ್. ಎಂಸಿಟಿ ಡಿಟೆಕ್ಟರ್‌ಗೆ (ತಣ್ಣಗಿಟ್ಟು ಬಳಸುವ ಇನ್‌ಫ್ರಾರೆಡ್ ಸಂವೇದಕ) ದ್ರವ ಸಾರಜನಕ ತುಂಬಿಯೇ ಇದೆ. ಎಲ್ಲಿ ತಪ್ಪಿದೆ?

ಉತ್ತರ 1:
ಡಿಟೆಕ್ಟರ್‌ನದೇನೂ ತಪ್ಪಿಲ್ಲ, ಮೆಥನಾಲ್ ತೆಗೆಯಿರಿ. 5 ಮಿ.ಮೀ. ದಾರಿಯಲ್ಲಿ ಅಷ್ಟು ಮೆಥನಾಲ್ ಇದ್ದರೆ 1030 ಸೆಂ.ಮೀ⁻¹ ಸುತ್ತಮುತ್ತ, 2800ರಿಂದ 3000, ಆಮೇಲೆ 3300ರ ಆಚೆ ಬೆಳಕು ಡಿಟೆಕ್ಟರ್ ತನಕ ಬರುವುದೇ ಇಲ್ಲ. ಬೆಳಕೇ ಬರದ ಜಾಗದಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ನಾಯ್ಸ್ ಬಿಟ್ಟು ಇನ್ನೇನು ಉಳಿಯುತ್ತೆ? ನಿಮಗೆ ಬೇಕಾದ ಟ್ರಾನ್ಸ್ ಬ್ಯಾಂಡ್ ಇರುವುದು 967ರ ಹತ್ತಿರ, ಆ 1030ರ ಪಕ್ಕದಲ್ಲೇ.

ಬರೀ ಕಾರ್ಬನ್ ಡೈಆಕ್ಸೈಡ್ ಕೂಡ ಕೆಲವು ಜಾಗ ಮುಚ್ಚುತ್ತದೆ: 2349ರ ಆಚೀಚೆ, 3600-3700ರ ಜೋಡಿ, ಕೆಳಗೆ 667ರ ಸುತ್ತ. ಆದರೆ ಕಾರ್ಬೊನಿಲ್, ಸಿ-ಎಚ್, 967 ಎಲ್ಲವೂ ಸಿಗುತ್ತವೆ. ಈ ಎಸ್ಟರ್‌ಗಳು ಬರೀ ಕಾರ್ಬನ್ ಡೈಆಕ್ಸೈಡ್‌ನಲ್ಲೇ ಚೆನ್ನಾಗಿ ಕರಗುತ್ತವೆ, ಪೀಕ್ ಬೇಗ ಬರಲು ಒತ್ತಡ ಏರಿಸುತ್ತಾ ಹೋದರೆ ಸಾಕು. ಒಂದು ಮಾತು, ಒತ್ತಡ ಏರಿದಂತೆ ಸಾಂದ್ರತೆಯೂ ಏರಿ 1280, 1390ರ ಹತ್ತಿರ ಕಾರ್ಬನ್ ಡೈಆಕ್ಸೈಡ್‌ನದೇ ಸಣ್ಣ ಬ್ಯಾಂಡ್‌ಗಳು ದಪ್ಪ ಆಗುತ್ತವೆ. ರನ್ ಶುರುವಿನಲ್ಲಿ ತೆಗೆದ ಬ್ಯಾಕ್‌ಗ್ರೌಂಡನ್ನೇ ಕೊನೆವರೆಗೂ ಕಳೆಯಬೇಡಿ, ಪೀಕಿಗೆ ಸ್ವಲ್ಪ ಮುಂಚಿನದನ್ನು ಕಳೆಯಿರಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್, ನಾಳೆನೇ ಮೆಥನಾಲ್ ಬಿಟ್ಟು ಮಾಡುತ್ತೇನೆ. ಆದರೆ ಮುಂದಿನ ಸ್ಯಾಂಪಲ್‌ಗಳು ಪೋಲಾರ್, ಮೆಥನಾಲ್ ಇಲ್ಲದೆ ಕಾಲಮ್ಮಿನಿಂದ ಹೊರಗೇ ಬರಲ್ಲ. ಅವಕ್ಕೇನು ದಾರಿ?

ಉತ್ತರ 2:
ಅವಕ್ಕೆ ಫ್ಲೋ ಸೆಲ್ ಆಸೆ ಬಿಡಿ, ದ್ರಾವಕ ಹಾರಿಸಿ ನೋಡುವ ಕ್ರಮಕ್ಕೆ ಹೋಗಿ. ರೆಸ್ಟ್ರಿಕ್ಟರ್ (ಒತ್ತಡ ಹಿಡಿದಿಡುವ ಸಣ್ಣ ನಳಿಕೆ) ತುದಿಯನ್ನು ನಿಧಾನವಾಗಿ ಸರಿಯುವ ಜಿಂಕ್ ಸೆಲೆನೈಡ್ ತಟ್ಟೆಯ ಮೇಲೆ ಹಿಡಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಮೆಥನಾಲೂ ಆರುತ್ತದೆ, ವಸ್ತು ಮಾತ್ರ ಚುಕ್ಕಿಯಾಗಿ ಉಳಿಯುತ್ತದೆ. ಆ ಚುಕ್ಕಿಯನ್ನು ಐಆರ್ ಮೈಕ್ರೊಸ್ಕೋಪಿನಲ್ಲಿ ಎಷ್ಟು ಹೊತ್ತು ಬೇಕಾದರೂ ಸ್ಕ್ಯಾನ್ ಮಾಡಬಹುದು, ಫ್ಲೋ ಸೆಲ್‌ನಲ್ಲಾದರೆ ಪೀಕ್ ಹಾದುಹೋಗುವ ಕೆಲವೇ ಸೆಕೆಂಡು ಅಲ್ವಾ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು, ಬರುವ ಸ್ಪೆಕ್ಟ್ರಮ್ ಮಾಮೂಲಿ ಲೈಬ್ರರಿಗೆ (ಗೊತ್ತಿರುವ ವಸ್ತುಗಳ ಸ್ಪೆಕ್ಟ್ರಮ್ ಸಂಗ್ರಹ) ಸರಿಯಾಗಿ ಹೊಂದುತ್ತದೆ.

ಮೊದಲ ಸಲ ಮಾಡಿದಾಗ ನನ್ನ ರೆಸ್ಟ್ರಿಕ್ಟರ್ ತುದಿಯಲ್ಲಿ ಹಿಮ ಕಟ್ಟಿ ಬಿಳಿ ಟೋಪಿ ಹಾಕಿದ ಹಾಗಾಗಿತ್ತು, ಹರಿವು ನಿಂತು ನಿಂತು ಬರುತ್ತಿತ್ತು, ತಟ್ಟೆಯ ಮೇಲೆ ಒಂದು ಪೀಕಿಗೆ ಮೂರು ಚುಕ್ಕಿ. ಅನಿಲ ಹಿಗ್ಗುವಾಗ ಅಷ್ಟು ತಣ್ಣಗಾಗುತ್ತದೆ. ತುದಿಗೆ ಸಣ್ಣ ಹೀಟರ್ ಸುತ್ತಿದ ಮೇಲೆ ಸರಿಹೋಯಿತು. ಬೇಗ ಆವಿಯಾಗುವ ಸಣ್ಣ ಅಣುಗಳಿಗೆ ಮಾತ್ರ ಇದು ಬೇಡ, ಕಾರ್ಬನ್ ಡೈಆಕ್ಸೈಡ್ ಜೊತೆ ಅವೂ ಹೋಗಿಬಿಡುತ್ತವೆ.

ಉತ್ತರ 3:
ಕಾರ್ಬನ್ ಡೈಆಕ್ಸೈಡ್ ಬದಲು ಝೆನಾನ್ ಅನಿಲ ಬಳಸುವ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಐಆರ್‌ನಲ್ಲಿ ಪೂರ್ತಿ ಪಾರದರ್ಶಕ, ಕ್ರಿಟಿಕಲ್ ಉಷ್ಣತೆ (ಇದರ ಮೇಲೆ ಎಷ್ಟು ಒತ್ತಿದರೂ ಅನಿಲ ದ್ರವವಾಗುವುದಿಲ್ಲ) ಬರೀ 16.6 ಡಿಗ್ರಿ ಸೆಲ್ಸಿಯಸ್, ಹಾಗಾಗಿ ಒಳ್ಳೆಯದೇ. ಆದರೆ ಬೆಲೆ ವಿಪರೀತ, ಮತ್ತು ಪೋಲಾರ್ ವಸ್ತುಗಳನ್ನು ಅದು ಕರಗಿಸುವುದಿಲ್ಲ. ನಿಮ್ಮ ಎರಡನೇ ಕೆಲಸಕ್ಕೆ ತಟ್ಟೆಯೇ ಸರಿ.