ಗೋಡೆ ಒದ್ದೆಯಾಗುತ್ತಿದೆ, ಟೈಲ್ಸ್ ಒಡೆಯಲೇಬೇಕಾ?

ಪ್ರಶ್ನೆ: ಅಣ್ಣಾ, ನಮ್ಮದು ತುಮಕೂರಲ್ಲಿ ಸ್ವಂತ ಮನೆ. ಬಾತ್‌ರೂಮಿನ ಹಿಂದಿನ ಗೋಡೆ ಒದ್ದೆಯಾಗಿ, ಬಣ್ಣ ಉಬ್ಬಿ ಉದುರುತ್ತಿದೆ. ಒಳಗಿರೋದು ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್. ಮೇಸ್ತ್ರಿ ಬಂದು ಟೈಲ್ಸ್ ಪೂರ್ತಿ ಒಡೆಯಬೇಕು ಅಂದರು. ಬೇರೆ ದಾರಿ ಇದೆಯಾ?

ಪ್ಲಂಬರ್: ಈಗಲೇ ಒಡೆಸಬೇಡಿ ಅಕ್ಕ. ಯಾವ ಪೈಪ್ ಸೋರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಒದ್ದೆಯ ಹತ್ತಿರ ಸ್ವಿಚ್ ಬೋರ್ಡ್ ಇದ್ದರೆ ಅದರ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿಬಿಡಿ.

ಮೋಟರ್ ಹಾಕಿದಾಗ ಮಾತ್ರ ತೇವ ಜಾಸ್ತಿಯಾದರೆ ಸಂಪಿನಿಂದ ಮೇಲೆ ಹೋಗುವ ಪೈಪ್ ಮೇಲೆ ಅನುಮಾನ. ಇಲ್ಲವಾದರೆ ರಾತ್ರಿ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಟ್ಯಾಂಕಿನಿಂದ ಕೆಳಗೆ ಬರುವ ಲೈನ್ ಸೋರುತ್ತಿದೆ. ಇಳಿಯದಿದ್ದರೆ ಸ್ನಾನದ ನೀರು ಹೋಗುವ ಪೈಪ್ ಅಥವಾ ನೆಲದ ಟೈಲ್ಸ್ ಸಂದು ನೋಡಬೇಕು.

ಫ್ಲಶ್ ಟ್ಯಾಂಕ್ ಸೋರಿದರೂ ಮಟ್ಟ ಇಳಿಯುತ್ತೆ. ಅದಕ್ಕೆ ಚಿಟಿಕೆ ಅರಿಶಿನ ಹಾಕಿ. ಫ್ಲಶ್ ಮಾಡದೆಯೇ ಕಮೋಡಿಗೆ ಹಳದಿ ಇಳಿದರೆ ಅಲ್ಲೇ ಸೋರಿಕೆ.

ಪ್ರಶ್ನೆ: ನೋಡಿದೆವು ಅಣ್ಣಾ. ಎರಡು ಬೆರಳಷ್ಟು ಇಳಿದಿದೆ. ಫ್ಲಶ್ ಸರಿಯಿದೆ.

ಪ್ಲಂಬರ್: ಹಾಗಾದರೆ ಗೀಸರ್ ಕರೆಂಟ್ ಆಫ್ ಮಾಡಿ, ಅದಕ್ಕೆ ನೀರು ಹೋಗುವ ವಾಲ್ವ್ ಮುಚ್ಚಿ, ಇವತ್ತು ರಾತ್ರಿ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಿ.

ಪ್ರಶ್ನೆ: ಈ ಸಲ ಸ್ವಲ್ಪವೂ ಇಳಿದಿಲ್ಲ!

ಪ್ಲಂಬರ್: ಒಳ್ಳೇದಾಯ್ತು. ಬಿಸಿನೀರಿನ ಲೈನ್ ಅದು. ಎಲ್ಬೋ (ಪೈಪ್ ತಿರುವಿನ ತುಂಡು) ಅಥವಾ ಹಿತ್ತಾಳೆ ಥ್ರೆಡ್ ಇರುವ ಜಾಯಿಂಟ್‌ನಲ್ಲೇ ಸಾಮಾನ್ಯವಾಗಿ ಸೋರೋದು. ಆ ಜಾಗದ ಒಂದೆರಡು ಟೈಲ್ಸ್ ತೆಗೆಸಿ ನೋಡಿ, ಪೂರ್ತಿ ಬೇಡ.

ಇನ್ನೊಬ್ಬರ ಪ್ರಶ್ನೆ: ಸೋರುವ ಕಡೆ ಮೇಲೆ ಎಂ-ಸೀಲ್ (ಕಲಸಿ ಮೆತ್ತುವ ಅಂಟು) ಮೆತ್ತಿದರೆ ಸಾಲದಾ ಸರ್?

ಪ್ಲಂಬರ್: ಗೋಡೆ ಒಳಗೆ ಖಂಡಿತ ಬೇಡ ಸರ್. ಒದ್ದೆ ಪೈಪಿಗೆ ಅದು ಸರಿಯಾಗಿ ಹಿಡಿಯಲ್ಲ, ಹಿಡಿದರೂ ಒತ್ತಡಕ್ಕೆ ಮತ್ತೆ ಜಿನುಗುತ್ತೆ. ಕೆಟ್ಟ ತುಂಡು ಕತ್ತರಿಸಿ, ಹೊಸ ಪೈಪ್ ಇಟ್ಟು ಎರಡು ಕಡೆ ಕಪ್ಲರ್ (ಎರಡು ಪೈಪ್ ಸೇರಿಸುವ ತುಂಡು) ಹಾಕಬೇಕು. ಇಲ್ಲಿ ಕೆಲಸ ಕೆಡೋದು ಅವಸರದಿಂದ. ಕತ್ತರಿಸಿದ ಬಾಯಿಯ ಸಿಬಿರು ಕೆರೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಲೈನಿನಲ್ಲಿ ಉಳಿದ ನೀರು ತೊಟ್ಟಿಕ್ಕುತ್ತಿದ್ದರೆ ಅದು ನಿಲ್ಲೋವರೆಗೂ ಕಾಯಿರಿ. ಪೈಪಿನ ಹೊರಗೆ, ಕಪ್ಲರಿನ ಒಳಗೆ ಸಲ್ಯೂಷನ್ (ಪೈಪ್ ಅಂಟು) ಹಚ್ಚಿ, ಒತ್ತುತ್ತಾ ಕಾಲು ಸುತ್ತು ತಿರುಗಿಸಿ. ಅಲ್ಲೇ ಸ್ವಲ್ಪ ಹೊತ್ತು ಬಿಗಿಯಾಗಿ ಹಿಡಿದುಕೊಳ್ಳಿ, ಬಿಟ್ಟರೆ ಪೈಪ್ ಹಿಂದಕ್ಕೆ ಜಾರುತ್ತೆ. ಥ್ರೆಡ್ ಇರುವ ಕಡೆ ಸಲ್ಯೂಷನ್ ಅಲ್ಲ, ಟೆಫ್ಲಾನ್ ಟೇಪ್. ಅದನ್ನು ಬಿಗಿ ಮಾಡುವ ದಿಕ್ಕಿಗೇ ಸುತ್ತಬೇಕು.

ಪ್ರಶ್ನೆ: ಮನೇಲಿ ಬಿಳಿ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪ್) ತುಂಡು ಇದೆ ಅಣ್ಣಾ, ಹಾಕಬಹುದಾ?

ಪ್ಲಂಬರ್: ಬಿಸಿನೀರಿಗೆ ಬೇಡ ಅಕ್ಕ, ಮೆತ್ತಗಾಗುತ್ತೆ. ಸಿಪಿವಿಸಿ ಪೈಪ್, ಸಿಪಿವಿಸಿ ಸಲ್ಯೂಷನ್ನೇ ತನ್ನಿ. ಹಳೇ ಪೈಪಿನ ತುಂಡು ಜೊತೆಗೆ ಒಯ್ದರೆ ಮುಕ್ಕಾಲು ಇಂಚೋ ಅರ್ಧ ಇಂಚೋ ಅನ್ನೋ ಗೊಂದಲ ಇರಲ್ಲ. ಅಂಟಿಸಿದ ಮೇಲೆ ಒಂದು ರಾತ್ರಿ ನೀರು ಬಿಡಬೇಡಿ. ಆಮೇಲೆ ನೀರು ಬಿಟ್ಟು, ಇಡೀ ದಿನ ಜಾಯಿಂಟ್ ಒಣಗಿದೆಯಾ ನೋಡಿ. ಮೇಸ್ತ್ರಿ ಎಷ್ಟೇ ಅವಸರ ಮಾಡಿದರೂ ಅದಕ್ಕೆ ಮೊದಲು ಸಿಮೆಂಟ್ ಹಾಕಿಸಬೇಡಿ. ಬಣ್ಣ ಬಳಿಸೋದು ಗೋಡೆ ಚೆನ್ನಾಗಿ ಆರಿದ ಮೇಲೆ.