ಅಪ್‌ಡೇಟ್: ಬೆನ್ನಲ್ಲಿ ನೀರು ತುಂಬುವುದು ಕೊನೆಗೂ ನಿಂತಿತು

ಎದೆಗೂಡಿನ ಗೆಡ್ಡೆ ತೆಗೆದ ಜಾಗಕ್ಕೆ ಬೆನ್ನಿನ ಲ್ಯಾಟಿಸಿಮಸ್ ಡಾರ್ಸಿ ಫ್ಲ್ಯಾಪ್ (ಬೆನ್ನಿನ ಅಗಲವಾದ ಸ್ನಾಯುವನ್ನು ರಕ್ತನಾಳದ ಸಮೇತ ತಿರುಗಿಸಿ ತಂದದ್ದು) ಕೂರಿಸಿದ್ದರು. ಡ್ರೈನ್ (ಗಾಯದೊಳಗಿನ ನೀರು ಹೊರತೆಗೆಯುವ ಕೊಳವೆ) ತೆಗೆದ ಮೇಲೆ ಬೆನ್ನಲ್ಲಿ ನೀರು ತುಂಬುತ್ತಿದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ, ಈಗ ಪೂರ್ತಿ ಒಣಗಿದೆ.

ಬರೀ ಬೈಂಡರ್ (ಮೈಸುತ್ತ ಬಿಗಿಯುವ ಪಟ್ಟಿ) ಕಟ್ಟಿದ್ದರಿಂದ ಪ್ರಯೋಜನ ಆಗಲಿಲ್ಲ. ಸಿರಿಂಜ್‌ನಲ್ಲಿ 120 ಮಿ.ಲೀ. ತೆಗೆದರು, ಮೂರೇ ದಿನಕ್ಕೆ ಮತ್ತೆ ಊದಿತು. ಕೈಹಿಡಿದದ್ದು ಹೊಸ ಡ್ರೈನ್ ಹಾಕಿಸಿ, 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಅದೂ ಸತತ ಎರಡು ದಿನ ಬರುವ ತನಕ ತೆಗೆಸಬೇಡಿ ಎಂಬ ಸಲಹೆ. ಅಲ್ಲಿಯವರೆಗೆ ತೋಳನ್ನು ಭುಜಕ್ಕಿಂತ ಮೇಲೆ ಎತ್ತಲಿಲ್ಲ. ಎತ್ತಿದ ದಿನ ಡ್ರೈನ್ ಬಾಟಲಿಯಲ್ಲಿ ತಿಳಿಹಳದಿ ನೀರು ಜಾಸ್ತಿ ಇರುತ್ತಿತ್ತು.

ಗೊತ್ತೇ ಇರದಿದ್ದ ವಿಷಯ: ಬೈಂಡರ್ ಕಂಕುಳಲ್ಲಿ ಒತ್ತಲೇಬಾರದು, ಫ್ಲ್ಯಾಪ್‌ಗೆ ರಕ್ತ ಕೊಡುವ ನಾಳ ಅಲ್ಲೇ ಇದೆ. ಕ್ವಿಲ್ಟಿಂಗ್ ಹೊಲಿಗೆ (ಬೆನ್ನಿನ ಚರ್ಮವನ್ನು ಒಳಪದರಕ್ಕೆ ಸೇರಿಸುವ ಹೊಲಿಗೆ) ಹಾಕುತ್ತೀರಾ ಎಂದು ಆಪರೇಷನ್‌ಗೆ ಮುಂಚೆಯೇ ಸರ್ಜನ್‌ರನ್ನು ಕೇಳಿ. ಚರ್ಮ ಒಳಪದರಕ್ಕೆ ಅಂಟಿಕೊಂಡರೆ ನೀರು ನಿಲ್ಲಲು ಜಾಗ ಕಡಿಮೆ.